ಪಕ್‌ಗೆ ಕಾಣುವಷ್ಟೇ ಜಾಗ

ಹೋದ ಚಳಿಗಾಲದಲ್ಲಿ ಒಂದು ಐಸ್ ಹಾಕಿ ಮ್ಯಾಚ್ ಮುಗಿದ ಮೇಲೆ, ತಂಡದ ಇನ್ನೊಬ್ಬ ಹುಡುಗಿಯ ಅಪ್ಪ ಬಂದು ನನ್ನ ಪಕ್ಕ ನಿಂತರು. ನನ್ನ ಮಗಳು ಗೋಲ್‌ಕೀಪರ್, ಪಕ್ ಅನ್ನುವ ಚಪ್ಪಟೆ ರಬ್ಬರ್ ಬಿಲ್ಲೆ ಗೋಲ್ ಒಳಗೆ ಹೋಗದಂತೆ ತಡೆಯುವವಳು. ಅವತ್ತು ಆರು ಗೋಲ್ ಬಿಟ್ಟುಕೊಟ್ಟಿದ್ದಳು. "ಬೇಜಾರು ಮಾಡ್ಕೋಬೇಡಿ. ಗೋಲ್ ಕಾಯೋದನ್ನ ಯಾರೂ ಹೇಳಿಕೊಡೋಕಾಗಲ್ಲ, ಅದು ಹುಟ್ಟಿನಿಂದಲೇ ಬರಬೇಕು" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ನನಗೆ ಗೊತ್ತು. ಆದರೆ ಆ ಮಾತು ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ. ಹುಟ್ಟಿನಿಂದಲೇ ಬರಬೇಕು ಅಂತಾದರೆ, ಬೆಳಕು ಹರಿಯುವ ಮುಂಚೆ ಎದ್ದು, ತನ್ನಷ್ಟೇ ದಪ್ಪದ ಚೀಲ ಎಳೆದುಕೊಂಡು ರಿಂಕ್‌ಗೆ ಹೋಗಿ ಈ ಹುಡುಗಿ ಮಾಡುತ್ತಿರುವುದು ಏನು? ಹುಟ್ಟಿನಿಂದ ಬಂದಿದೆಯೋ ಇಲ್ಲವೋ ಅಂತ ದಿನಾ ಪರೀಕ್ಷೆ ಮಾಡಿಕೊಳ್ಳುತ್ತಿದ್ದಾಳಾ? ಹಾಗಾದರೆ ಗೋಲ್‌ಕೀಪರ್‌ಗೆ ಕೋಚ್ ಎಷ್ಟು ಮುಖ್ಯ?

ವಾಪಸ್ ಬರುವಾಗ ಕಾರಿನಲ್ಲಿ ಅವಳು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕಿಟಕಿ ಕಡೆ ನೋಡಿಕೊಂಡೇ ಹೇಳಿದಳು. "ಅಮ್ಮಾ, ನನಗೆ ಪಕ್ ಕಾಣಲಿಲ್ಲ ಅಂತಲ್ಲ. ಆರೂ ಕಾಣಿಸ್ತು. ಕೈ ಎತ್ತೋ ಹೊತ್ತಿಗೆ ಒಳಗೆ ಹೋಗಿತ್ತು." ನಾನು ಅದಕ್ಕೆ ಏನೂ ಹೇಳಲಿಲ್ಲ. ಏನು ಹೇಳಬೇಕು ಅಂತ ಗೊತ್ತಿರಲಿಲ್ಲ. ಅವಳ ತಂಡದ ಕೋಚ್‌ಗೂ ಗೊತ್ತಿರಲಿಲ್ಲ ಅಂತ ಈಗ ಅನಿಸುತ್ತದೆ.

ಮಕ್ಕಳ ಹಾಕಿಯಲ್ಲಿ ಗೋಲ್‌ಕೀಪರ್‌ಗಳ ಅಪ್ಪ ಅಮ್ಮಂದಿರಿಗೆಲ್ಲ ಈ ದೃಶ್ಯ ಗೊತ್ತಿರುತ್ತದೆ. ಒಂದು ಗಂಟೆ ಪ್ರಾಕ್ಟೀಸ್. ಸ್ಕೇಟಿಂಗ್ ಆಯಿತು, ಪಾಸಿಂಗ್ ಆಯಿತು, ಕೊನೆಗೆ ಹದಿನೈದು ಮಕ್ಕಳು ಸಾಲಾಗಿ ಬಂದು ಗೋಲ್‌ಗೆ ಹೊಡೆಯುತ್ತಾರೆ. ಒಬ್ಬರಾದ ಮೇಲೆ ಒಬ್ಬರು. ಒಂದು ಪಕ್ ತಡೆದು ಏಳುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಹೊಡೆದವರಿಗೆ ಕೋಚ್ ಹೇಳುತ್ತಾರೆ, ಕೋಲು ಹೀಗೆ ಹಿಡಿ, ತಲೆ ಎತ್ತಿ ನೋಡು ಅಂತ. ನೆಟ್ ಮುಂದೆ ಇರುವವಳಿಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ. ತಡೆದರೆ "ಭೇಷ್", ಬಿಟ್ಟರೆ "ಪರವಾಗಿಲ್ಲ". ಗಾಜಿನ ಈಚೆ ನಿಂತು ಇದನ್ನು ನೋಡುತ್ತಾ ನನಗೆ ಹೊಟ್ಟೆ ಉರಿಯುತ್ತಿತ್ತು. ಮಿಕ್ಕವರಿಗೆಲ್ಲ ಅದು ಪಾಠ. ಅವಳು ಮಾತ್ರ ಪಾಠದ ಸಾಮಾನು.

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ

ಒಂದು ಸಣ್ಣ ಲೆಕ್ಕ ಹಾಕಿದೆ. ದೊಡ್ಡವರ ಆಟದಲ್ಲಿ ಜೋರಾಗಿ ಹೊಡೆದ ಪಕ್ ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಅಂದರೆ ಸೆಕೆಂಡಿಗೆ 44 ಮೀಟರ್. ನೀಲಿ ಗೆರೆಯ ಹತ್ತಿರದಿಂದ, ಸುಮಾರು 18 ಮೀಟರ್ ದೂರದಿಂದ ಹೊಡೆದರೆ ಗೋಲ್‌ಕೀಪರ್ ಕೈಯಲ್ಲಿರುವುದು 0.4 ಸೆಕೆಂಡ್. ಆರು ಮೀಟರ್‌ನಿಂದ ಹೊಡೆದರೆ 0.14 ಸೆಕೆಂಡ್. ಕಣ್ಣಿಗೆ ಕಂಡದ್ದಕ್ಕೆ ಕೈ ಅಲ್ಲಾಡಲು ಮನುಷ್ಯನಿಗೆ ಹೆಚ್ಚು ಕಡಿಮೆ 0.2 ಸೆಕೆಂಡ್ ಬೇಕು. ಹತ್ತಿರದಿಂದ ಬಂದ ಜೋರು ಹೊಡೆತವನ್ನು ನೋಡಿ ಆಮೇಲೆ ತಡೆಯೋದು ಯಾರಿಂದಲೂ ಆಗುವುದಿಲ್ಲ. ಎಷ್ಟೇ ಚುರುಕಿದ್ದರೂ ಆಗುವುದಿಲ್ಲ. ಮಕ್ಕಳ ಆಟದಲ್ಲಿ ಪಕ್ ನಿಧಾನ, ಆದರೆ ಮಕ್ಕಳ ಕೈಯೂ ನಿಧಾನ. ಕೈ ಎತ್ತುವ ಹೊತ್ತಿಗೆ ಒಳಗೆ ಹೋಗಿತ್ತು ಅಂದಿದ್ದಳಲ್ಲ, ಸರಿಯಾಗಿಯೇ ಹೇಳಿದ್ದಳು.

ಹಾಗಿದ್ದರೂ ಒಳ್ಳೆಯ ಗೋಲ್‌ಕೀಪರ್‌ಗಳು ಹತ್ತಿರದ ಹೊಡೆತಗಳನ್ನು ತಡೆಯುತ್ತಾರೆ. ಹೇಗೆ? ಪಕ್ ಕೋಲು ಬಿಡುವ ಮುಂಚೆಯೇ ಅವರು ಅಲ್ಲಿರುತ್ತಾರೆ. ಹೊಡೆಯುವವನ ಭುಜ ಎತ್ತ ತಿರುಗಿದೆ, ಕೋಲಿನ ಅಲಗು ತೆರೆದಿದೆಯಾ ಮುಚ್ಚಿದೆಯಾ, ಪಾಸ್ ಕೊಡಲು ಯಾರು ಖಾಲಿ ಇದ್ದಾರೆ, ಇದೆಲ್ಲ ನೋಡಿ ಮೊದಲೇ ಜಾಗ ಹಿಡಿದಿರುತ್ತಾರೆ. ಆಮೇಲೆ ಪಕ್ ತಾನಾಗಿಯೇ ಮೈಗೆ ಬಂದು ಬಡಿಯುತ್ತದೆ. ಟಿವಿಯಲ್ಲಿ ಮತ್ತೆ ಮತ್ತೆ ತೋರಿಸುವ, ಮೈ ಚಾಚಿ ಹಾರಿ ಹಿಡಿಯುವ ಸೇವ್‌ಗಳಲ್ಲಿ ಎಷ್ಟೋ ಸಲ ಗೋಲ್‌ಕೀಪರ್ ತಡವಾಗಿ ಬಂದಿರುತ್ತಾನೆ. ಸರಿಯಾದ ಜಾಗದಲ್ಲಿದ್ದವನ ಸೇವ್ ನೋಡೋಕೆ ಸಪ್ಪೆ. ಕೋಚ್ ಎಷ್ಟು ಮುಖ್ಯ ಅನ್ನುವ ಪ್ರಶ್ನೆಗೆ ನಾವು ಉತ್ತರವನ್ನು ತಪ್ಪು ಕಡೆ ಹುಡುಕುತ್ತೇವೆ ಅಂತ ನನಗೆ ಅನಿಸಲು ಶುರುವಾಗಿದ್ದು ಇಲ್ಲಿಂದ. ನಾವು ಕೈ ನೋಡುತ್ತೇವೆ. ಕೋಚ್ ಕಲಿಸುವುದು ಕಾಲು ಎಲ್ಲಿರಬೇಕು ಅನ್ನೋದನ್ನ.

ಎರಡು ಹಗ್ಗ

ಆ ಆರು ಗೋಲ್ ಆಗಿ ಕೆಲವು ವಾರಗಳ ಮೇಲೆ ಒಬ್ಬ ವಯಸ್ಸಾದ ಗೋಲ್‌ಕೀಪರ್ ಕೋಚ್ ಸಿಕ್ಕರು. ವಾರಕ್ಕೆ ಒಂದು ದಿನ, ಒಂದು ಗಂಟೆ, ನಾಲ್ಕು ಮಕ್ಕಳು. ಮೊದಲ ದಿನ ಅವರು ಒಂದು ಪಕ್ ಕೂಡ ಹೊಡೆಯಲಿಲ್ಲ. ಚೀಲದಿಂದ ಎರಡು ಉದ್ದ ಹಗ್ಗ ತೆಗೆದರು. ಒಂದರ ತುದಿಯನ್ನು ಎಡಗಡೆ ಗೋಲ್ ಕಂಬಕ್ಕೆ, ಇನ್ನೊಂದರ ತುದಿಯನ್ನು ಬಲಗಡೆ ಕಂಬಕ್ಕೆ ಕಟ್ಟಿದರು. ಎರಡರ ಇನ್ನೊಂದು ತುದಿ ತಂದು ಐಸ್ ಮೇಲೆ ಪಕ್ ಇದ್ದ ಜಾಗದಲ್ಲಿ ಸೇರಿಸಿ ಹಿಡಿದರು. ಹಗ್ಗ ಬಿಗಿಯಾದಾಗ ಒಂದು ಉದ್ದನೆಯ ತ್ರಿಕೋನ ಆಯಿತು. "ಒಳಗೆ ಹೋಗಿ ನಿಂತ್ಕೋ" ಅಂದರು ಮಗಳಿಗೆ.

ಗೋಲ್ ಗೆರೆಯ ಮೇಲೆ ನಿಂತಾಗ ಅವಳ ಎರಡೂ ಪಕ್ಕ ದೊಡ್ಡ ಖಾಲಿ ಜಾಗ. "ಒಂದು ಹೆಜ್ಜೆ ಮುಂದೆ." ಖಾಲಿ ಸ್ವಲ್ಪ ಕಿರಿದಾಯಿತು. "ಇನ್ನೊಂದು." ಹಗ್ಗ ಅವಳ ಭುಜಕ್ಕೆ ಹತ್ತಿರ ಬಂತು. ಗೋಲ್‌ನ ಅಗಲ 183 ಸೆಂಟಿಮೀಟರ್, ಎತ್ತರ 122. ಪಕ್ ಆರು ಮೀಟರ್ ದೂರ ಇದ್ದಾಗ ಗೆರೆಯಿಂದ ಒಂದೂವರೆ ಮೀಟರ್ ಮುಂದೆ ಬಂದು ನಿಂತರೆ, ಕಾಯಬೇಕಾದ ಅಗಲ ಸುಮಾರು 137 ಸೆಂಟಿಮೀಟರ್‌ಗೆ ಇಳಿಯುತ್ತದೆ. ಈ ಲೆಕ್ಕ ಅವಳಿಗೆ ಆಗ ಗೊತ್ತಿರಲಿಲ್ಲ, ಅವರೂ ಹೇಳಲಿಲ್ಲ. ಹಗ್ಗ ಮೈಗೆ ತಾಗಿದ್ದೇ ಸಾಕಾಯಿತು.

ಆಮೇಲೆ ಅವರು ಮಾಡಿದ್ದನ್ನು ನಾನು ಮರೆಯುವುದಿಲ್ಲ. ಬೇರೆ ಹುಡುಗನನ್ನು ಗೋಲ್‌ನಲ್ಲಿ ನಿಲ್ಲಿಸಿ, ಮಗಳನ್ನು ಪಕ್ ಇದ್ದ ಕಡೆ ಕರೆದರು. "ಮಲಕ್ಕೋ" ಅಂದರು. ಅವಳು ಅಷ್ಟೂ ಪ್ಯಾಡ್ ಹಾಕಿಕೊಂಡು ಐಸ್ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿದಳು. ಗಲ್ಲ ಪಕ್ ಪಕ್ಕಕ್ಕೆ ಬಂತು. "ಏನು ಕಾಣ್ತಿದೆ?" ಅವಳು ಸ್ವಲ್ಪ ಹೊತ್ತು ನೋಡಿದಳು. "ಅವನ ತಲೆ ಮೇಲೆ ನೆಟ್ಟೇ ಕಾಣ್ತಿಲ್ಲ." "ಈಗ ಎದ್ದು ನೋಡು." ಎದ್ದು ನಿಂತಳು. "ಈಗ ಕಾಣ್ತಿದೆ." "ಹೊಡೆಯೋನ ಕಣ್ಣಿಗೆ ಕಾಣೋ ಜಾಗ ಬೇರೆ, ಪಕ್‌ಗೆ ಕಾಣೋ ಜಾಗ ಬೇರೆ. ನೀನು ಕಾಯಬೇಕಾಗಿರೋದು ಪಕ್‌ಗೆ ಕಾಣೋ ಜಾಗ ಅಷ್ಟೇ." ಅವತ್ತಿನ ಪಾಠ ಅಷ್ಟೇ. ಉಳಿದ ಹೊತ್ತು ಪಕ್ ಇಟ್ಟ ಜಾಗ ಬದಲಾಯಿಸುತ್ತಾ ಹೋದರು, ಮಕ್ಕಳು ಹಗ್ಗದ ನಡುವೆ ತಮ್ಮ ಜಾಗ ಹುಡುಕುತ್ತಾ ಹೋದರು.

ಇದನ್ನು ಹುಟ್ಟಿನಿಂದ ಯಾರು ತರುತ್ತಾರೆ ಹೇಳಿ? ಚುರುಕು ತರಬಹುದು. ಧೈರ್ಯ ತರಬಹುದು. ಅಷ್ಟು ಭಾರ ಹೊತ್ತುಕೊಂಡು ಪಕ್‌ಗೆ ಎದೆ ಕೊಡುವ ಹುಚ್ಚು ಕೂಡ ತರಬಹುದು. ಪಕ್ ಇರುವ ಕಡೆ ಮಲಗಿ ನೋಡಬೇಕು ಅಂತ ಇನ್ನೊಬ್ಬರು ಹೇಳಬೇಕು.

ಯಾರೂ ಇರದಿದ್ದ ಕಾಲ

ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲೂ ಬಹಳ ಕಾಲ ಗೋಲ್‌ಕೀಪರ್‌ಗಳಿಗೇ ಅಂತ ಕೋಚ್ ಇರಲಿಲ್ಲ. ಇದ್ದರೆ ಇನ್ನೊಬ್ಬ ಗೋಲ್‌ಕೀಪರ್ ಇರುತ್ತಿದ್ದ. 1959ರ ನವೆಂಬರ್ 1ರಂದು ಮುಖಕ್ಕೆ ಪಕ್ ಬಡಿದು ಗಾಯವಾದ ಮೇಲೆ ಮಾಸ್ಕ್ ಹಾಕಿಕೊಂಡು ಐಸ್‌ಗೆ ವಾಪಸ್ ಬಂದ ಗೋಲ್‌ಕೀಪರ್ ಜಾಕ್ ಪ್ಲಾಂಟ್ ಈ ಆಟ ನೋಡುವವರಿಗೆಲ್ಲ ಗೊತ್ತು. ಅವರು ಮಾಡಿದ ಇನ್ನೊಂದು ಕೆಲಸದ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. 1971ರಲ್ಲಿ ಬರ್ನಿ ಪೇರೆಂಟ್ ಎಂಬ ಗೋಲ್‌ಕೀಪರ್‌ನ್ನು ಫಿಲಡೆಲ್ಫಿಯಾ ತಂಡ ಟೊರೊಂಟೊಗೆ ಕೊಟ್ಟುಬಿಟ್ಟಿತು. ಅಲ್ಲಿ ಪ್ಲಾಂಟ್ ಇದ್ದರು. ನಲವತ್ತು ದಾಟಿದ್ದರೂ ಆಡುತ್ತಿದ್ದರು. ಪೇರೆಂಟ್ ಚಿಕ್ಕಂದಿನಿಂದ ಆರಾಧಿಸುತ್ತಿದ್ದ ಮನುಷ್ಯ. ಒಂದೇ ಜಾಗಕ್ಕೆ ಪೈಪೋಟಿಯಲ್ಲಿದ್ದ ಇಬ್ಬರಲ್ಲಿ ಹಿರಿಯನು ಕಿರಿಯನಿಗೆ ಕೂತು ಹೇಳಿಕೊಟ್ಟ. 1973ರಲ್ಲಿ ಪೇರೆಂಟ್ ಫಿಲಡೆಲ್ಫಿಯಾಗೆ ವಾಪಸ್ ಬಂದರು. 1974, 1975, ಎರಡೂ ವರ್ಷ ಲೀಗ್‌ನ ಚಾಂಪಿಯನ್ ತಂಡಕ್ಕೆ ಕೊಡುವ ಸ್ಟಾನ್ಲಿ ಕಪ್ ಗೆದ್ದರು. ಎರಡೂ ಸಲ ಕಪ್ ಗೆದ್ದ ಕೊನೆಯ ಪಂದ್ಯದಲ್ಲಿ ಎದುರಾಳಿಗೆ ಒಂದು ಗೋಲ್ ಕೂಡ ಬಿಡಲಿಲ್ಲ. ಎರಡೂ ಸಲ ಪ್ಲೇಆಫ್‌ನ, ಅಂದರೆ ಕಪ್‌ಗಾಗಿ ಸೀಸನ್ ಕೊನೆಗೆ ನಡೆಯುವ ಪಂದ್ಯಗಳ, ಅತಿ ಒಳ್ಳೆಯ ಆಟಗಾರನ ಕಾನ್ ಸ್ಮೈತ್ ಟ್ರೋಫಿ ಅವರದೇ.

ಆಮೇಲೆ ಫ್ರಾನ್ಸ್ವಾ ಅಲೇರ್ ಬಂದರು. ಮಾಂಟ್ರಿಯಲ್‌ನಲ್ಲಿ ಗೋಲ್‌ಕೀಪರ್ ಪ್ಯಾಟ್ರಿಕ್ ರುವಾ ಅವರ ಜೊತೆ ಕೆಲಸ ಮಾಡಿದ ಕೋಚ್. ಮಂಡಿ ಸೇರಿಸಿ ಕೆಳಗೆ ಕೂತು, ಕಾಲಿನ ಪ್ಯಾಡ್‌ಗಳನ್ನು ಎರಡು ರೆಕ್ಕೆಯಂತೆ ಅಗಲಿಸಿ ಐಸ್ ಮಟ್ಟದ ಜಾಗವನ್ನೆಲ್ಲ ಮುಚ್ಚುವ ಬಟರ್‌ಫ್ಲೈ ಮೊದಲೂ ಇತ್ತು, ಗ್ಲೆನ್ ಹಾಲ್ ಅದನ್ನು ಎಷ್ಟೋ ಮುಂಚೆ ಆಡಿದ್ದರು. ಅಲೇರ್ ಅದನ್ನು ಪಾಠ ಮಾಡಿದರು. ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ, ಹೆಜ್ಜೆ ಹೆಜ್ಜೆಯಾಗಿ ತಿದ್ದಿಸಬಹುದಾದ ವಿದ್ಯೆ ಮಾಡಿದರು. 1986ರಲ್ಲಿ 20 ವರ್ಷದ ರುವಾ ಸ್ಟಾನ್ಲಿ ಕಪ್ ಗೆದ್ದಾಗ ಕ್ವಿಬೆಕ್‌ನ ಹುಡುಗರೆಲ್ಲ ಮಂಡಿ ಮೇಲೆ ಕೂರಲು ಶುರು ಮಾಡಿದರು. ಫಿನ್‌ಲ್ಯಾಂಡ್‌ನಲ್ಲಿ ಇದೇ ಥರದ ಕೆಲಸವನ್ನು ಹಳೆಯ ಗೋಲ್‌ಕೀಪರ್ ಉರ್ಪೊ ಯ್ಲೋನೆನ್ ಮತ್ತು ಅವರಂಥ ಕೆಲವರು ಮಾಡಿದರು. ಬರೀ 55 ಲಕ್ಷ ಜನ ಇರುವ ದೇಶ. ಅಲ್ಲಿಂದ ಬಂದ ಮೀಕ್ಕಾ ಕಿಪ್ರುಸೊಫ್ 2006ರಲ್ಲಿ, ಟೂಕ್ಕಾ ರಾಸ್ಕ್ 2014ರಲ್ಲಿ, ಪೆಕ್ಕಾ ರಿನ್ನೆ 2018ರಲ್ಲಿ ಎನ್‌ಎಚ್‌ಎಲ್‌ನ ಅತ್ಯುತ್ತಮ ಗೋಲ್‌ಕೀಪರ್‌ಗೆ ಕೊಡುವ ವೆಝಿನಾ ಟ್ರೋಫಿ ಗೆದ್ದರು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2004ರಲ್ಲಿ, ರಿನ್ನೆ 258ನೆಯವರು. ಚಳಿ ಇರುವ ದೇಶಗಳು ಬೇಕಾದಷ್ಟಿವೆ. ಬರೀ ಚಳಿಯಿಂದ, ಬರೀ ರಕ್ತದಿಂದ ಹೀಗಾಗುವುದಿಲ್ಲ.

ಲೆಕ್ಕಕ್ಕೆ ಸಿಗದ ಭಾಗ

ಇಷ್ಟು ಓದಿದ ಮೇಲೆ ಕೋಚ್ ಅಂದರೆ ಎಲ್ಲ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಆಮೇಲೆ ಅದೇ ಅಲೇರ್ ಅವರ ಮುಂದಿನ ಕಥೆ ನೋಡಿದೆ. ಅನಾಹೈಮ್‌ನಲ್ಲಿ ಗೋಲ್‌ಕೀಪರ್ ಜಾನ್-ಸೆಬಾಸ್ಟಿಯನ್ ಜಿಗೇರ್, ಅಲೇರ್ ಅವರ ಕೈಕೆಳಗೆ ಬೆಳೆದರು. 2003ರಲ್ಲಿ ಫೈನಲ್ ಸೋತರೂ ಕಾನ್ ಸ್ಮೈತ್ ಗೆಲ್ಲುವಷ್ಟು ಚೆನ್ನಾಗಿ ಆಡಿದರು, 2007ರಲ್ಲಿ ಕಪ್ಪೂ ಬಂತು. ಅದೇ ಅಲೇರ್ 2009ರಿಂದ 2012ರವರೆಗೆ ಟೊರೊಂಟೊದಲ್ಲಿದ್ದರು. ಆ ಮೂರು ವರ್ಷದಲ್ಲಿ ತಂಡ ಒಂದು ಸಲವೂ ಪ್ಲೇಆಫ್ ತಲುಪಲಿಲ್ಲ. ಕೋಚ್ ಅದೇ, ಪಾಠ ಅದೇ.

ಇಲ್ಲಿ ಅಂಕಿಗಳೂ ಕೈ ಕೊಡುತ್ತವೆ. ಒಂದು ಸೀಸನ್‌ನಲ್ಲಿ ಗೋಲ್‌ಕೀಪರ್ 1500 ಹೊಡೆತ ಎದುರಿಸುತ್ತಾನೆ ಅಂದುಕೊಳ್ಳಿ. 0.920 ಸೇವ್ ಪರ್ಸೆಂಟೇಜ್ (ಬಂದ ಹೊಡೆತಗಳಲ್ಲಿ ತಡೆದ ಪಾಲು) ಇರುವವನು 120 ಗೋಲ್ ಬಿಡುತ್ತಾನೆ, 0.910 ಇರುವವನು 135. ಮೊದಲನೆಯವನನ್ನು ಹೊಗಳುತ್ತಾರೆ, ಎರಡನೆಯವನ ಕೆಲಸ ಹೋಗಬಹುದು. ವ್ಯತ್ಯಾಸ 15 ಗೋಲ್. ಆದರೆ ಒಬ್ಬನೇ ಗೋಲ್‌ಕೀಪರ್, ಅದೇ ಕೌಶಲ ಇಟ್ಟುಕೊಂಡು, ಸುಮ್ನೆ ಅದೃಷ್ಟದ ಏರಿಳಿತದಿಂದಲೇ 1500 ಹೊಡೆತಗಳಲ್ಲಿ ಹತ್ತು ಹನ್ನೊಂದು ಗೋಲ್ ಆಚೆ ಈಚೆ ಆಗುವುದು ತೀರಾ ಮಾಮೂಲಿ. ಕಂಬಕ್ಕೆ ಬಡಿದು ಒಳಗೆ ಹೋದದ್ದು, ತನ್ನದೇ ತಂಡದವನ ಸ್ಕೇಟ್‌ಗೆ ತಾಗಿ ತಿರುಗಿದ್ದು, ಎಲ್ಲ ಇದರಲ್ಲಿ ಸೇರಿದೆ. ಒಂದು ಸೀಸನ್ ನೋಡಿ ಈ ಕೋಚ್ ಬಂದಿದ್ದರಿಂದ ಸರಿಹೋಯಿತು ಅಂತಲೋ, ಆ ಕೋಚ್‌ನಿಂದ ಕೆಟ್ಟುಹೋಯಿತು ಅಂತಲೋ ಹೇಳುವವರ ಮಾತನ್ನು ನಾನು ಈಗ ಅರ್ಧ ಮಾತ್ರ ಕೇಳಿಸಿಕೊಳ್ಳುತ್ತೇನೆ.

ಇನ್ನೂ ಒಂದು ವಿಷಯ ಇದೆ, ನನಗೆ ಇದೇ ಮುಖ್ಯ ಅನಿಸುತ್ತದೆ. 1980ರ ದಶಕದ ಮೊದಲ ಭಾಗದಲ್ಲಿ ಎನ್‌ಎಚ್‌ಎಲ್‌ನ ಸರಾಸರಿ ಸೇವ್ ಪರ್ಸೆಂಟೇಜ್ 0.875ರ ಆಸುಪಾಸಿನಲ್ಲಿತ್ತು. 2010ರ ದಶಕದ ಮಧ್ಯದ ಹೊತ್ತಿಗೆ 0.915 ಆಗಿತ್ತು. ಪ್ಯಾಡ್ ದೊಡ್ಡದಾಗಿದ್ದೂ ಒಂದು ಕಾರಣ, ನಿಜ. ಆದರೆ ಪ್ಯಾಡ್‌ನ ಅಗಲವನ್ನು 2005ರಲ್ಲಿ 12 ಇಂಚಿನಿಂದ 11ಕ್ಕೆ ಇಳಿಸಿದಾಗ ಅಂಕಿ ಮೊದಲು ಸ್ವಲ್ಪ ಇಳಿದರೂ ಆಮೇಲೆ ಮತ್ತೆ ಏರುತ್ತಾ ಹೋಯಿತು. ಎಲ್ಲ ತಂಡಕ್ಕೂ ಗೋಲ್‌ಕೀಪರ್ ಕೋಚ್ ಬಂದಿದ್ದರು. ಎಲ್ಲರಿಗೂ ಪಾಠ ಸಿಕ್ಕಿತು, ಎಲ್ಲರೂ ಮೇಲೆ ಬಂದರು. ಎಲ್ಲರೂ ಒಟ್ಟಿಗೆ ಮೇಲೆ ಬಂದಾಗ ಪಾಠದಿಂದ ಏನಾಯಿತು ಅಂತ ಕಾಣುವುದೇ ಇಲ್ಲ. ಆಮೇಲೆ ಹೊಡೆಯುವವರೂ ಕಲಿತರು. ಅಡ್ಡ ಪಾಸ್ ಕೊಟ್ಟು ಗೋಲ್‌ಕೀಪರ್‌ನ್ನು ಜಾಗದಿಂದ ಕದಲಿಸಿ ಹೊಡೆಯುವುದನ್ನು ಅಭ್ಯಾಸ ಮಾಡಿದರು. ಈಚೆಗೆ ಸರಾಸರಿ 0.900ರ ಹತ್ತಿರಕ್ಕೆ ಇಳಿದಿದೆ. ಕೋಚ್‌ಗಳು ಕಡಿಮೆಯಾಗಿ ಇಳಿದದ್ದಲ್ಲ ಅದು. ಆ ಕಡೆಯೂ ಕೋಚ್‌ಗಳಿದ್ದಾರೆ, ಅಲ್ವಾ?

ಮುಟ್ಟದೆ ಬಿಟ್ಟದ್ದು

ಜೆಕ್ ಗೋಲ್‌ಕೀಪರ್ ಡೊಮಿನಿಕ್ ಹಾಸೆಕ್ ಅವರ ಹಳೆಯ ವಿಡಿಯೋಗಳನ್ನು ನಾನೂ ಮಗಳೂ ಎಷ್ಟು ಸಲ ನೋಡಿದ್ದೇವೋ ಲೆಕ್ಕ ಇಲ್ಲ. ಐಸ್ ಮೇಲೆ ಉರುಳುತ್ತಾರೆ. ಬೆನ್ನ ಮೇಲೆ ಬಿದ್ದು ಕಾಲು ಎತ್ತುತ್ತಾರೆ. ಕೋಲು ಎಸೆದು ಬರಿಗೈಯಲ್ಲಿ ಪಕ್ ಮುಚ್ಚುತ್ತಾರೆ. ಯಾವ ಪುಸ್ತಕದಲ್ಲೂ ಇಲ್ಲದ ಆಟ. 1983ರ ಡ್ರಾಫ್ಟ್‌ನಲ್ಲಿ 199ನೆಯವರಾಗಿ ಹೋದ ಈ ಮನುಷ್ಯ ಆರು ಸಲ ವೆಝಿನಾ ಗೆದ್ದರು, 1997 ಮತ್ತು 1998ರಲ್ಲಿ ಇಡೀ ಲೀಗ್‌ನ ಅತ್ಯಮೂಲ್ಯ ಆಟಗಾರ ಆದರು. ನಾಗಾನೊ ಒಲಿಂಪಿಕ್ಸ್ ಸೆಮಿಫೈನಲ್‌ನ ಶೂಟೌಟ್‌ನಲ್ಲಿ ಕೆನಡಾದ ಐವರನ್ನೂ ತಡೆದು, ಫೈನಲ್‌ನಲ್ಲಿ ರಷ್ಯಾಕ್ಕೆ ಒಂದು ಗೋಲೂ ಬಿಡದೆ ಜೆಕ್ ತಂಡಕ್ಕೆ ಚಿನ್ನ ತಂದರು. ಹುಟ್ಟಿನಿಂದಲೇ ಬರಬೇಕು ಅಂದವರಿಗೆ ಇವರಿಗಿಂತ ದೊಡ್ಡ ಸಾಕ್ಷಿ ಸಿಗುವುದಿಲ್ಲ.

ಆದರೆ ಬಫಲೋದಲ್ಲಿ ಅವರಿಗೂ ಕೋಚ್ ಇದ್ದರು, ಮಿಚ್ ಕಾರ್ನ್. ಪ್ರಾಕ್ಟೀಸ್‌ನಲ್ಲಿ ಬಿಳಿ ಬಣ್ಣದ ಪಕ್ ಬಳಸುವವರು. ಬಿಳಿ ಐಸ್ ಮೇಲೆ ಬಿಳಿ ಪಕ್ ಹುಡುಕಿ ಹುಡುಕಿ ಕಣ್ಣು ಚುರುಕಾಗಲಿ ಅಂತ. ಇಂಥ ಕೋಚ್ ಜೊತೆಗಿದ್ದೂ ಹಾಸೆಕ್ ಹಾಸೆಕ್ ಆಗಿಯೇ ಉಳಿದರು. ಅದನ್ನು ಯೋಚಿಸಿದಾಗಲೆಲ್ಲ ನನಗೆ ಆ ಕೋಚ್ ಮೇಲೆ ಗೌರವ ಹುಟ್ಟುತ್ತದೆ. ಎಲ್ಲರೂ ಒಂದೇ ಅಚ್ಚಿನಲ್ಲಿ ಕೂರುತ್ತಿದ್ದ ಕಾಲದಲ್ಲಿ ಈ ವಿಚಿತ್ರ ಆಟಗಾರನನ್ನು ಅದೇ ಅಚ್ಚಿಗೆ ತುರುಕುವುದು ಸುಲಭ ಇತ್ತು. ಹಾಸೆಕ್ ಕೆಟ್ಟ ಬಟರ್‌ಫ್ಲೈ ಗೋಲ್‌ಕೀಪರ್ ಆಗಿ ಎರಡು ವರ್ಷದಲ್ಲಿ ಊರಿಗೆ ವಾಪಸ್ ಹೋಗುತ್ತಿದ್ದರೋ ಏನೋ.

ಗೋಲ್‌ಕೀಪರ್ ಹೆನ್ರಿಕ್ ಲುಂಡ್ಕ್ವಿಸ್ಟ್ ಅವರದು ಇನ್ನೊಂದು ಬಗೆ. ನ್ಯೂಯಾರ್ಕ್‌ನಲ್ಲಿ ಅವರ ಕೋಚ್ ಬೆನ್ವಾ ಅಲೇರ್, ಫ್ರಾನ್ಸ್ವಾ ಅವರ ತಮ್ಮ. ಮುಂದೆ ಬಂದು ಆಡುತ್ತಿದ್ದ ಲುಂಡ್ಕ್ವಿಸ್ಟ್ ಅವರನ್ನು ಹಿಂದೆ, ಗೋಲ್ ಗೆರೆಯ ಹತ್ತಿರಕ್ಕೆ ಎಳೆದರು. ನಮ್ಮ ಹಗ್ಗದ ಪಾಠಕ್ಕೆ ಪೂರಾ ಉಲ್ಟಾ! ಹಿಂದೆ ನಿಂತರೆ ಖಾಲಿ ಜಾಗ ಜಾಸ್ತಿ, ಆದರೆ ಅಡ್ಡ ಪಾಸ್ ಬಂದಾಗ ಇನ್ನೊಂದು ಕಂಬಕ್ಕೆ ಹೋಗುವ ದಾರಿ ಚಿಕ್ಕದು. ಅಷ್ಟು ಚುರುಕು ಕೈ ಇದ್ದವರಿಗೆ ಅದು ಹೊಂದಿತು. 2012ರಲ್ಲಿ ವೆಝಿನಾ ಬಂತು. ಎಲ್ಲರಿಗೂ ಒಂದೇ ಮದ್ದು ಅಲ್ಲ ಅಂತ ಇದರಿಂದ ನನಗೆ ಗೊತ್ತಾಯಿತು. ಇನ್ನೊಬ್ಬ ಗೋಲ್‌ಕೀಪರ್ ಡೆವನ್ ಡುಬ್ನಿಕ್ ಅವರ ಕಥೆಯೂ ಇದೇ. 2013–14ರಲ್ಲಿ ಎಡ್ಮಂಟನ್‌ನಿಂದ ನ್ಯಾಶ್‌ವಿಲ್, ಅಲ್ಲಿಂದ ಮಾಂಟ್ರಿಯಲ್‌ನ ಕೆಳಗಿನ ತಂಡ. ಮುಗಿದೇ ಹೋಯಿತು ಅನ್ನುವಾಗ ಅರಿಝೋನಾಗೆ ಹೋದರು, ಅಲ್ಲಿ ಶಾನ್ ಬರ್ಕ್ ಅವರ ಜೊತೆ ಕೆಲಸ ಮಾಡಿದರು. 2015ರ ಜನವರಿಯಲ್ಲಿ ಮಿನೆಸೋಟಾ ಸೇರಿ 39 ಪಂದ್ಯಗಳಲ್ಲಿ 27 ಗೆದ್ದರು, ವೆಝಿನಾ ಪ್ರಶಸ್ತಿಯ ಕೊನೆಯ ಮೂವರಲ್ಲಿ ಒಬ್ಬರಾದರು. ಒಂದೇ ವರ್ಷದಲ್ಲಿ ಅದೇ ಮನುಷ್ಯನಿಗೆ ಹೊಸ ಕೈ ಬೆಳೆಯಲಿಲ್ಲ. ಇದರಲ್ಲಿ ಅದೃಷ್ಟದ ಪಾಲೂ ಇದೆ, ಮೇಲೆ ನಾನೇ ಹಾಕಿದ ಲೆಕ್ಕ ಅದನ್ನೇ ಹೇಳುತ್ತದೆ. ಆದರೂ ಅಷ್ಟೂ ಅದೃಷ್ಟ ಅಂತ ನನಗೆ ಒಪ್ಪಲಾಗುವುದಿಲ್ಲ.

ಇನ್ನು ಮುಖ್ಯ ಕೋಚ್‌ನ ಕೈ. 1995ರ ಡಿಸೆಂಬರ್ 2, ಮಾಂಟ್ರಿಯಲ್. ಡೆಟ್ರಾಯಿಟ್ ವಿರುದ್ಧ ರುವಾ ಒಂದರ ಹಿಂದೆ ಒಂದು ಗೋಲ್ ಬಿಡುತ್ತಿದ್ದರು. ಸುಲಭದ ಒಂದು ಸೇವ್ ಮಾಡಿದಾಗ ಅವರದೇ ಊರಿನ ಜನ ಅಣಕಿಸಿ ಚಪ್ಪಾಳೆ ಹೊಡೆದರು. ರುವಾ ಎರಡೂ ಕೈ ಮೇಲೆತ್ತಿದರು. ಕೋಚ್ ಮಾರಿಯೊ ಟ್ರೆಂಬ್ಲೆ, ರುವಾ ಅವರನ್ನು ಹೊರಗೆ ಕರೆದದ್ದು ಒಂಬತ್ತನೆಯ ಗೋಲ್ ಆದ ಮೇಲೆ. ರುವಾ ಬೆಂಚ್‌ಗೆ ಬಂದವರು ನೇರ ತಂಡದ ಅಧ್ಯಕ್ಷರ ಬಳಿ ಹೋಗಿ, ಮಾಂಟ್ರಿಯಲ್‌ಗೆ ಇದು ನನ್ನ ಕೊನೆಯ ಆಟ ಅಂದುಬಿಟ್ಟರು. ನಾಲ್ಕೇ ದಿನದಲ್ಲಿ ಅವರನ್ನು ಕೊಲರಾಡೊಗೆ ಕೊಟ್ಟರು. ಮುಂದಿನ ಜೂನ್‌ನಲ್ಲಿ ಕೊಲರಾಡೊ ತಂಡ ಸ್ಟಾನ್ಲಿ ಕಪ್ ಗೆದ್ದಿತು. ಹತ್ತು ವರ್ಷ ತಿದ್ದಿದ ಕೆಲಸ ಅವರ ಮೈಯಲ್ಲೇ ಉಳಿದಿತ್ತು. ಆದರೆ ಅದು ಯಾವ ತಂಡಕ್ಕೆ ಸಿಗಬೇಕು ಅನ್ನೋದು ಬೆಂಚ್ ಮೇಲೆ ನಿಂತ ಒಬ್ಬ ಮನುಷ್ಯ ಎಷ್ಟು ಹೊತ್ತು ಸುಮ್ಮನಿದ್ದ ಅನ್ನೋದರಲ್ಲಿ ತೀರ್ಮಾನವಾಯಿತು. ಆರು ಗೋಲ್ ಬಿಟ್ಟ ದಿನ ಮಗಳನ್ನು ಯಾರೂ ಹೊರಗೆ ಕರೆಯಲಿಲ್ಲ. ಅವತ್ತು ಅವಳೂ ಅದನ್ನು ಬಯಸಿರಲಿಲ್ಲ, ನನಗೆ ಗೊತ್ತು.

ಗ್ಲೌವ್ ಎಲ್ಲಿರಬೇಕು

ಹಗ್ಗದ ಕೋಚ್ ಈ ವರ್ಷ ಬರುತ್ತಿಲ್ಲ. ಮಂಡಿ ನೋವು, ಐಸ್ ಮೇಲೆ ನಿಲ್ಲೋಕಾಗಲ್ಲ ಅಂದರು. ಹೊಸಬರು ಬಂದಿದ್ದಾರೆ, ಚಿಕ್ಕ ವಯಸ್ಸು, ಎಲ್ಲವನ್ನೂ ವಿಡಿಯೋ ಮಾಡಿ ತೋರಿಸುತ್ತಾರೆ. ಮಗಳು ಪಕ್ ಹಿಡಿಯುವ ಗ್ಲೌವ್‌ನ್ನು ಕೆಳಗೆ, ಪ್ಯಾಡ್‌ಗೆ ಒತ್ತಿಕೊಂಡ ಹಾಗೆ ಇಟ್ಟುಕೊಳ್ಳುತ್ತಾಳೆ. ಮೊದಲಿನಿಂದಲೂ ಹಾಗೇ. ಇವರಿಗೆ ಅದು ಮೇಲೆ, ಮೈಯಿಂದ ಮುಂದೆ ಬರಬೇಕು. ಮೊದಲ ಎರಡು ವಾರ ಅವಳು ಮುಖ ಊದಿಸಿಕೊಂಡೇ ಬಂದಳು.

ಹೋದ ವಾರ ಅವಳು ಅವರನ್ನು ಯಾಕೆ ಅಂತ ಕೇಳಿದಳಂತೆ. ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ಕೈ ಮುಂದೆ ಇದ್ದರೆ ಪಕ್‌ಗೆ ಕಾಣುವ ಜಾಗ ಇನ್ನೂ ಸ್ವಲ್ಪ ಮುಚ್ಚುತ್ತದೆ, ಬೇಕಾದರೆ ಪಕ್ ಹತ್ತಿರ ಹೋಗಿ ನೋಡು ಅಂದರಂತೆ. "ಮಲಗಿ ನೋಡಿದ್ಯಾ?" ಅಂತ ನಾನು ಕೇಳಿದೆ. "ಹೂಂ. ಸ್ವಲ್ಪ ಮುಚ್ಚುತ್ತೆ. ಆದ್ರೆ ಕೆಳಗೆ ಬರೋದು ನನಗೆ ತಡ ಆಗುತ್ತೆ ಅಮ್ಮಾ." ಹಾಗಂತ ಅವರಿಗೂ ಹೇಳಿದ್ದಾಳೆ. ಒಂದು ತಿಂಗಳು ನೋಡೋಣ, ಆಮೇಲೆ ಇಬ್ಬರೂ ಕೂತು ವಿಡಿಯೋ ನೋಡಿ ತೀರ್ಮಾನ ಮಾಡೋಣ ಅಂದಿದ್ದಾರೆ. ಇವತ್ತು ಬೆಳಿಗ್ಗೆ ಗಾಜಿನ ಈಚೆ ನಿಂತು ನೋಡುತ್ತಿದ್ದೆ. ಎಡಗಡೆಯಿಂದ ಬಂದ ಹೊಡೆತಕ್ಕೆಲ್ಲ ಕೈ ಮೇಲಿತ್ತು. ಬಲಗಡೆಯಿಂದ ಬಂದದ್ದಕ್ಕೆ ಕೆಳಗಿತ್ತು. ಅವರು ಅದನ್ನು ನೋಡಿದರು. ಏನೂ ಹೇಳದೆ ಇನ್ನೊಂದು ಪಕ್ ಇಟ್ಟರು.